ಹೇಳಿಕೊಳ್ಳಲಾರದ ವ್ಯಾಧಿ

ಠಾಕುರ್ಲಿಯಲ್ಲಿ ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಹೋಟೆಲು ಕೆಲಸಗಾರರು ಕೂಡಿ ಬಾಳುವುದುಂಟು. ಒಬ್ಬನಿಗೆ ಜ್ವರ ಬಂದರೆ ಕೋಣೆಗೆಲ್ಲ ತಿಳಿಯುತ್ತದೆ. ಕೈ ಸುಟ್ಟುಕೊಂಡರೆ ಎಲ್ಲರೂ ಮದ್ದು ಹೇಳುವವರೇ. ಆದರೆ ಗುಹ್ಯಾಂಗದಲ್ಲೊಂದು ಹುಣ್ಣಾದರೆ ಒಡಹುಟ್ಟಿದವನಿಗೂ ಹೇಳಿಕೊಳ್ಳುವವರು ಅಪರೂಪ. ಈ ಮೌನದ ಮರೆಯಲ್ಲಿ ಬೆಳೆಯುವ ವ್ಯಾಧಿಯೇ ಶಿಶ್ನದ ಕ್ಯಾನ್ಸರ್. ಸಂಕೋಚವನ್ನು ಬದಿಗಿರಿಸಿ ಅದನ್ನು ಕುರಿತು ನಾಲ್ಕು ಮಾತು ಬರೆಯುತ್ತೇವೆ.

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾಯಿತು. ಅಲ್ಲಿಯ ಡಾ. ಪೇಮಾಸ್ಟರ್ ಹಾಗೂ ಗಂಗಾಧರನ್ ಅವರು ಭಾರತದಲ್ಲಿ ಈ ರೋಗದ ಸ್ಥಿತಿಯನ್ನು ಕುರಿತು 1967ರಷ್ಟು ಹಿಂದೆಯೇ ಬರೆದಿದ್ದರು. ಶೈಶವದಲ್ಲಿ ಸುನ್ನತಿ ನಡೆಯುವ ಸಮುದಾಯಗಳಲ್ಲಿ ಇದು ಅತಿ ವಿರಳ. ಮುಂದೊಗಲು ಬಿಗಿಯಾಗಿ ಹಿಂದೆ ಸರಿಯದಿರುವುದು, ಅದರಡಿ ಕೊಳೆ ನಿಂತು ಉರಿಯೂತವಾಗುವುದು, ಬೀಡಿ ಸಿಗರೇಟು, ಇವು ರೋಗಕ್ಕೆ ದಾರಿಮಾಡುತ್ತವೆ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಎಚ್.ಪಿ.ವಿ. ಎಂಬ ವೈರಾಣುವೂ ಕಂಡುಬರುತ್ತದೆ.

ಒಳಗೆ ನಡೆಯುವುದೇನು? ಜೀವಕೋಶವನ್ನು ಒಂದು ಹೋಟೆಲಿಗೆ ಹೋಲಿಸೋಣ. ಜೀನುಗಳು ಗಲ್ಲೆಯ ಬಳಿಯ ದೊಡ್ಡ ಪುಸ್ತಕ. ಅದರಿಂದ ನಕಲಾಗಿ ಅಡಿಗೆಮನೆಗೆ ಹೋಗುವ ಚೀಟಿಯೇ ಸಂದೇಶವಾಹಕ ಆರ್‌ಎನ್‌ಎ. ಭಟ್ಟರು ಅದನ್ನು ನೋಡಿ ಮಾಡಿಕೊಡುವ ತಿಂಡಿಯೇ ಪ್ರೋಟೀನು. ಮೈಕ್ರೊ ಆರ್‌ಎನ್‌ಎ ಎಂಬುದು ಹೆಚ್ಚಾದ ಚೀಟಿಗಳನ್ನು ನಡುದಾರಿಯಲ್ಲೇ ತಡೆದು ಹರಿದುಹಾಕುವ ಮೇಲ್ವಿಚಾರಕ. (ಹೋಲಿಕೆ ನಮ್ಮದು, ವಿಜ್ಞಾನಿಗಳದಲ್ಲ.) ಸುಮಾರು ಇಪ್ಪತ್ತೆರಡು ಅಕ್ಷರಗಳಷ್ಟೇ ಉದ್ದದ ಈ ಅಣುವನ್ನು 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಬೆಳಕಿಗೆ ತಂದ ಆಂಬ್ರೋಸ್ ಮತ್ತು ರುವ್ಕುನ್ ಎಂಬ ಅಮೆರಿಕನರಿಗೆ 2024ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಕ್ಯಾನ್ಸರಿನಲ್ಲಿ ಕೆಲವು ಮೇಲ್ವಿಚಾರಕರು ಕಡಿಮೆಯಾಗುತ್ತಾರೆ, ಕೆಲವರು ಮಿತಿಮೀರುತ್ತಾರೆ. ಉದಾಹರಣೆಗೆ, 146ಎ ಎಂಬ ಮೈಕ್ರೊ ಆರ್‌ಎನ್‌ಎ ತಗ್ಗಿದೆಡೆ ಕೋಶಗಳನ್ನು ವೃದ್ಧಿಗೆ ಪ್ರಚೋದಿಸುವ ಇ.ಜಿ.ಎಫ್.ಆರ್. ಎಂಬ ಪ್ರೋಟೀನು ಹೆಚ್ಚುತ್ತದೆ. ವೈರಾಣು ಹೊಕ್ಕ ಕೋಶಗಳಲ್ಲಂತೂ ಅದರ ಇ6, ಇ7 ಪ್ರೋಟೀನುಗಳು ಕೋಶದ ಪಿ53 ಮತ್ತು ಆರ್‌ಬಿ ಎಂಬ ಕಾವಲುಗಾರರನ್ನೇ ನಿಷ್ಕ್ರಿಯಗೊಳಿಸುತ್ತವೆ. ಆಮೇಲೆ ಕೋಶಗಳು ಅಂಕೆಯಿಲ್ಲದೆ ಒಡೆದು ಬೆಳೆಯುತ್ತವೆ.

ಇಷ್ಟು ತಿಳಿದರೂ ಮೈಕ್ರೊ ಆರ್‌ಎನ್‌ಎಯನ್ನು ಅಳೆದು ಈ ರೋಗವನ್ನು ಹೇಳುವ ಪರೀಕ್ಷೆ ಆಸ್ಪತ್ರೆಗಳಲ್ಲಿ ಇನ್ನೂ ವಾಡಿಕೆಗೆ ಬಂದಿಲ್ಲ. ಹುಣ್ಣಿನ ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಇಂದಿಗೂ ನಿರ್ಣಾಯಕ. ರೋಗವು ಮುಂದೊಗಲಿಗಷ್ಟೇ ಸೀಮಿತವಾಗಿದ್ದರೆ ಅದನ್ನು ತೆಗೆಯುವುದರಿಂದಲೇ ಹಲವರು ಗುಣವಾಗುತ್ತಾರೆ, ಅಂಗವೂ ಉಳಿಯುತ್ತದೆ. ತೊಡೆಸಂದಿನ ಗ್ರಂಥಿಗಳಿಗೆ ಹರಡಿದ ಮೇಲೆ ಚಿಕಿತ್ಸೆ ಕಠಿಣ, ಫಲವೂ ಅನಿಶ್ಚಿತ. ಅಂಗಡಿಯಲ್ಲಿ ಕೊಂಡ ಮುಲಾಮು ಹಚ್ಚುತ್ತ ತಿಂಗಳುಗಟ್ಟಲೆ ಕಾಯುವವರು ನಷ್ಟಪಡುವುದು ಇದನ್ನೇ.

ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು, ಗಂಟು, ಮುಂದೊಗಲಿನಡಿಯ ರಕ್ತ ಅಥವಾ ದುರ್ವಾಸನೆ ಕಂಡರೆ ವೈದ್ಯರಿಗೆ ತೋರಿಸಬೇಕು. ಠಾಕುರ್ಲಿಯವರು ನಿಧಾನದ ಲೋಕಲ್ ಹಿಡಿದು ಪರೇಲಿನಲ್ಲಿ ಇಳಿದರಾಯಿತು. ಪಾಳಿ ತಪ್ಪುವುದಾದರೆ ಯಜಮಾನರಿಗೆ “ಆಸ್ಪತ್ರೆಗೆ ಹೋಗಬೇಕು” ಎಂದರೆ ಸಾಕು. ಯಾವ ಅಂಗಕ್ಕೆಂದು ಹೇಳಬೇಕಾಗಿಲ್ಲ.