ತೋಟದ ದಾರಿಗೆ ಎಂಥ ಚಕ್ರ?

ನಮ್ಮ ಕಾಫಿ ತೋಟದ ದಾರಿ ಬರೀ ಕಲ್ಲು, ಗುಂಡಿ. ಕಾರಿನ 16 ಇಂಚಿನ ಚಕ್ರ ತೆಗೆದು 18 ಇಂಚಿನ ಅಲಾಯ್ ಹಾಕಿಸಬಹುದೇ?

ದಯವಿಟ್ಟು ಬೇಡ. ಕಲ್ಲಿನ ಪೆಟ್ಟು ತಡೆಯುವುದು ರಿಮ್ ಅಲ್ಲ, ಟೈರಿನೊಳಗಿನ ಗಾಳಿ. ತಲೆಗೂ ಕೊಡಕ್ಕೂ ನಡುವೆ ಇಡುವ ಸಿಂಬಿಯಂತೆ ಅದು, ದಪ್ಪಗಿದ್ದಷ್ಟೂ ಒಳ್ಳೆಯದು. 205/65 ಆರ್16 ಟೈರಿನ ಪಕ್ಕದ ಗೋಡೆಯ ಎತ್ತರ 205ರಲ್ಲಿ ಶೇ. 65, ಅಂದರೆ ಸುಮಾರು 133 ಮಿಲಿಮೀಟರ್. ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಇದರಷ್ಟೇ ಇರುವ 215/50 ಆರ್18ರಲ್ಲಿ ಗೋಡೆಯ ಎತ್ತರ 107ಕ್ಕೆ ಇಳಿಯುತ್ತದೆ. ಗುಂಡಿಯ ಅಂಚಿಗೆ ಬಡಿದಾಗ ಈ ಗಿಡ್ಡ ಗೋಡೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ದಾರದ ಎಳೆಗಳು ಕಡಿದು ಟೈರಿನ ಪಕ್ಕ ಉಬ್ಬುತ್ತದೆ. ಉಬ್ಬಿದ ಟೈರನ್ನು ಓಡಿಸಲೇಬಾರದು, ಯಾವಾಗ ಬೇಕಾದರೂ ಒಡೆದೀತು. ಉಕ್ಕಿನ ರಿಮ್ ಬಗ್ಗಿದರೆ ತಟ್ಟಿ ಸರಿಮಾಡಬಹುದು, ಅಲಾಯ್ ಸೀಳಿಬಿಡಬಹುದು. ಮಳೆಗಾಲದ ಕೆಸರಿಗೆ ದೊಡ್ಡ ಬಟನ್‌ಗಳ ಆಲ್-ಟೆರೇನ್ ಟೈರ್ ಕೊಳ್ಳಿ.