ಒಲೆ ಕಾಣದ ಸೊಪ್ಪಿನಡುಗೆ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, ಎಂಟನೇ ಅಡ್ಡರಸ್ತೆಯ ಆಸುಪಾಸಿನ ವ್ಯಾಪಾರಿಗಳ ಬಳಿ ದಂಟು, ಮೆಂತ್ಯ, ಸಬ್ಬಸಿಗೆಗಳ ನಡುವೆ ಕೆಲವೊಮ್ಮೆ ಒಂದೆಲಗದ ಕಟ್ಟೂ ಸಿಗುತ್ತದೆ. ಕೊಳ್ಳುವವರಿಗೆ ಅದು ಮಕ್ಕಳ ಜ್ಞಾಪಕಶಕ್ತಿಗೆ ಬೇಕಾದ ಮದ್ದು. ಮದ್ದೆಂದ ಮೇಲೆ ರುಚಿಯ ಯೋಚನೆ ಯಾರಿಗೆ? ಬೇಳೆಯ ಜೊತೆ ಕುಕ್ಕರಿಗೆ ಬೀಳುತ್ತದೆ, ನಾಲ್ಕು ವಿಷಲ್ಲಿಗೆ ಪರಿಮಳವೆಲ್ಲ ಹಾರಿ ಕಹಿಯಷ್ಟೇ ಉಳಿಯುತ್ತದೆ. ಒಂದೆಲಗ ಮೊದಲು ಅಡುಗೆಯ ಸೊಪ್ಪು, ಆಮೇಲೆ ಔಷಧಿ. ಅದನ್ನು ಬೇಯಿಸದಿರುವುದೇ ಅದರ ಪಾಕಶಾಸ್ತ್ರ. ಮಲೆನಾಡು, ಕರಾವಳಿಯ ಅಡುಗೆಮನೆಗಳು ಇದನ್ನು ಅರಿತೇ ತಂಬುಳಿ ಮಾಡುತ್ತ ಬಂದಿವೆ. ದಕ್ಷಿಣ ಕನ್ನಡದಲ್ಲಿ ಈ ಸೊಪ್ಪಿಗೆ ತಿಮರೆ ಎನ್ನುತ್ತಾರೆ.

ಇದೇ ತಿಳಿವಳಿಕೆ ಜಪಾನಿನಲ್ಲೂ ಇದೆ. ಅಲ್ಲಿನ ಮಿತ್ಸುಬ ನಮ್ಮ ಕೊತ್ತಂಬರಿ, ಒಂದೆಲಗಗಳ ಕುಟುಂಬಕ್ಕೇ ಸೇರಿದ ನಾಜೂಕು ಸೊಪ್ಪು. ತಿಳಿಸಾರಿಗಾಗಲಿ, ಹಬೆಯಲ್ಲಿ ಬೇಯಿಸಿದ ಮೊಟ್ಟೆಯ ಚವಾನ್‌ಮುಶಿಗಾಗಲಿ ಅದನ್ನು ಸಾಮಾನ್ಯವಾಗಿ ಕೊನೆಯಲ್ಲಿ ಹಾಕುತ್ತಾರೆ. ಹೆಚ್ಚು ಬೆಂದರೆ ಅದೂ ಕಹಿಯಾಗುತ್ತದೆ. ಶ್ರೀಲಂಕಾದವರು ಒಂದೆಲಗವನ್ನೇ ಹಸಿಯಾಗಿ ಹೆಚ್ಚಿ, ತೆಂಗಿನತುರಿ, ನಿಂಬೆರಸ ಬೆರೆಸಿ ಸಂಬೋಲ ಮಾಡುತ್ತಾರೆ. ತಂಬುಳಿ ಇನ್ನೊಂದು ಹೆಜ್ಜೆ ಮುಂದಿದೆ. ಎಲೆ, ದಂಟುಗಳನ್ನು ಹಸಿಯಾಗಿಯೇ ಕಾಯಿತುರಿ, ಜೀರಿಗೆ, ಕಾಳುಮೆಣಸಿನೊಡನೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಸೇರಿಸಿ, ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಕಾಯಿಯ ಜಿಡ್ಡು ಪರಿಮಳವನ್ನು ಹಿಡಿದಿಡುತ್ತದೆ, ಮಜ್ಜಿಗೆಯ ಹುಳಿ ಕಹಿಯನ್ನು ಮೆತ್ತಗಾಗಿಸುತ್ತದೆ. ಮಜ್ಜಿಗೆಹುಳಿಯಲ್ಲಿರುವಂತೆ ಇಲ್ಲಿ ನೆನೆಸಿ ರುಬ್ಬಿದ ಕಡಲೆಬೇಳೆಯ ಆಸರೆಯಿಲ್ಲ. ಹಾಗಾಗಿ ಕುದಿಸಿದರೆ ಒಡೆದುಹೋಗುತ್ತದೆ: ಬೇಯಿಸಬೇಡಿ ಎಂದು ಅಡುಗೆಯೇ ಹೇಳುತ್ತದೆ!

ದೊಡ್ಡಪತ್ರೆಯ ತಂಬುಳಿಗೆ ಎಲೆಯನ್ನು ತುಪ್ಪದಲ್ಲಿ ಬಾಡಿಸುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ದೊಡ್ಡಪತ್ರೆ ದಪ್ಪ ಎಲೆಯ, ಘಾಟಿನ ಗಿಡ. ಅದರ ಜೋರು ತಗ್ಗಲು ತುಸು ಬಿಸಿ ಬೇಕು. ತೆಳು ಎಲೆಯ ಒಂದೆಲಗದಲ್ಲಿ ತಗ್ಗಿಸಬೇಕಾದ ಜೋರೇ ಇಲ್ಲ. ಎರಡನ್ನೂ ಬೇರೆಬೇರೆಯಾಗಿ ನಡೆಸಿಕೊಂಡದ್ದೇ ಆ ಅಡುಗೆಮನೆಗಳ ಜಾಣ್ಮೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಶುಚಿಯದು. ಒಂದೆಲಗ ತೇವದ ನೆಲದ ಬಳ್ಳಿ, ಗದ್ದೆಯ ಬದುವಿನಲ್ಲೂ ಚರಂಡಿಯ ಅಂಚಿನಲ್ಲೂ ಅಷ್ಟೇ ಹುಲುಸಾಗಿ ಹಬ್ಬುತ್ತದೆ. ಎಲ್ಲಿ ಬೆಳೆದದ್ದೆಂದು ತಿಳಿಯದ ಸೊಪ್ಪನ್ನು ಹಸಿಯಾಗಿ ತಿನ್ನಲು ಹೆದರುವುದು ಸರಿಯೇ, ತೊಳೆದ ಮಾತ್ರಕ್ಕೆ ಆ ಅನುಮಾನ ಪೂರ್ತಿ ಹೋಗುವುದೂ ಇಲ್ಲ. ಆದರೆ ಅದಕ್ಕೆ ಮದ್ದು ಕುಕ್ಕರಲ್ಲ, ಕುಂಡ. ಬೇರಿರುವ ಗಿಣ್ಣುಗಳನ್ನು ಕಟ್ಟಿನಿಂದ ಆರಿಸಿ, ಒಳ್ಳೆಯ ಮಣ್ಣಿನಲ್ಲಿ ಅರೆನೆರಳಿಗೆ ನೆಟ್ಟು, ತೇವ ಆರದಂತೆ ನೋಡಿಕೊಳ್ಳಿ. ಹೊಸದಾಗಿ ಚಿಗುರಿದ ಎಲೆಗಳನ್ನಷ್ಟೇ ತಂಬುಳಿಗೆ ಕೊಯ್ಯಿರಿ.