ಕತೆ ಹೊರುವ ಮೂರನೆಯ ಸಾಲು

ಗದುಗಿನ ಭಾರತವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಗೊತ್ತಿಲ್ಲದ ಪದ ಹತ್ತು ಬಂದರೂ ಕತೆ ನಿಲ್ಲುವುದಿಲ್ಲ. ಅದರ ಕವಿ ಕುಮಾರವ್ಯಾಸ ಮಹಾಭಾರತದ ಮೊದಲ 10 ಪರ್ವಗಳನ್ನು ಭಾಮಿನಿ ಎಂಬ ಆರು ಸಾಲಿನ ಷಟ್ಪದಿಯೊಂದರಲ್ಲೇ ಹೇಳಿದ. ಸಾವಿರಾರು ಪದ್ಯಗಳಿಗೆ ಒಂದೇ ಅಚ್ಚು, ಬೇಸರ ಬರಬೇಕಿತ್ತು. ಬರದಿರುವುದಕ್ಕೆ ಪ್ರತಿಭೆಯೇ ಕಾರಣ ಎಂದುಬಿಡಬಹುದು, ಆದರೆ ಅರ್ಧ ಕೆಲಸವನ್ನು ಆ ಅಚ್ಚೇ ಮಾಡುತ್ತದೆ.

ಲೆಕ್ಕ ಹೀಗಿದೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು; ದೀರ್ಘಕ್ಕೂ ಸೊನ್ನೆಯಿರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು, ಅದು ಗುರು. ಭಾಮಿನಿಯ 1, 2, 4, 5ನೆಯ ಸಾಲುಗಳಲ್ಲಿ ಮೂರು–ನಾಲ್ಕು–ಮೂರು–ನಾಲ್ಕು ಎಂದು 14 ಮಾತ್ರೆ. 3 ಮತ್ತು 6ನೆಯ ಸಾಲಿನಲ್ಲಿ ಮೂರು–ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು, ಒಟ್ಟು 23. ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದು ಆದಿಪ್ರಾಸ.

ಪುಸ್ತಕದ ಲೆಕ್ಕ ಕಿವಿಗೆ ಕೇಳಬೇಕಾದರೆ ಒಂದು ತುಂಡು ಬೇಕು. ನಾನೇ ಹೊಸೆದದ್ದು ಇದು, ಕಾವ್ಯವೆಂದು ಯಾರೂ ತಪ್ಪು ತಿಳಿಯಬಾರದು:

ಮಳೆಯು ಹಿಡಿದಿದೆ ಮೂರು ದಿನದಿಂ
ಹೊಳೆಯ ದೋಣಿಯು ದಡಕೆ ಬಾರದು
ಎಳೆಯ ಕಂದನ ನೆನೆದು ತಾಯಿಯು ನೀರಿಗಿಳಿದಿಹಳು

'ಮಳೆಯು' ಮೂರು, 'ಹಿಡಿದಿದೆ' ನಾಲ್ಕು, 'ಮೂರು' ಮೂರು, 'ದಿನದಿಂ' ನಾಲ್ಕು. ಮೂರನೆಯ ಸಾಲಿನ ತುದಿಯ 'ಳು' ಲಘುವಾದರೂ ಎಳೆದು ಹೇಳುತ್ತೇವೆ, ಗುರುವೆಂದೇ ಲೆಕ್ಕ. ಈಗ ಕತೆ ಎಲ್ಲಿದೆ ನೋಡಿ. ಗಿಡ್ಡ ಸಾಲುಗಳೆರಡೂ ಅಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿದವು. ಉಸಿರು ಅಷ್ಟಕ್ಕೇ ಒಗ್ಗಿಕೊಂಡಿತ್ತು. ಮೂರನೆಯದು 14ಕ್ಕೆ ನಿಲ್ಲದೆ ಮುಂದಕ್ಕೆ ಹರಿಯಿತು. ತಾಯಿ ಹೊಳೆಗೆ ಇಳಿದದ್ದು ಆ ಹೆಚ್ಚಿನ 9 ಮಾತ್ರೆಗಳಲ್ಲಿ. ಸರಿ, ಈಚೆ ದಡದಲ್ಲಿ ನಾವಿದ್ದೇವೆ, ಪದ್ಯ ಇನ್ನೂ ಅರ್ಧ ಉಳಿದಿದೆ.

ಎಲ್ಲ ಪದ್ಯವನ್ನೂ ಹೀಗೆಯೇ ಕಟ್ಟಿದರೆ ಗಡಿಯಾರದ ಟಿಕ್‌ಟಿಕ್ ಆಗಿಬಿಡುತ್ತದೆ. ಅದಕ್ಕೇ ಬಲ್ಲ ಕವಿ ವಾಕ್ಯವನ್ನು ಸಾಲಿನ ತುದಿಯಲ್ಲಿ ಮುಗಿಸದೆ ಮುಂದಿನ ಸಾಲಿಗೆ ದಾಟಿಸುತ್ತಾನೆ. ಲಯ ಒಂದು ಕಡೆ ನಿಂತರೆ ಅರ್ಥ ಇನ್ನೊಂದು ಕಡೆ ನಿಲ್ಲುತ್ತದೆ. ಮಾತ್ರೆ ಸಾಲದಿದ್ದಾಗ ಸಂಬೋಧನೆ ಕೈಹಿಡಿಯುತ್ತದೆ. ಭಾರತದ ಕತೆಯನ್ನು ವೈಶಂಪಾಯನ ಜನಮೇಜಯನಿಗೆ ಹೇಳುತ್ತಿರುವುದರಿಂದ, ನಡುವೆ ರಾಜನನ್ನು ಕರೆದು 'ಕೇಳು' ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ಭರ್ತಿ ಪದವೆಂದು ಪಂಡಿತರು ಮೂಗು ಮುರಿಯಬಹುದು. ಎದುರು ಕೂತು ಕೇಳುವವರಿಗೆ ಅದು ಸುಧಾರಿಸಿಕೊಳ್ಳುವ ಜಾಗ.

ನಡೆ ಬದಲಾದರೆ ಕತೆಯ ಮೈಯೂ ಬದಲಾಗುತ್ತದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯ, ಲಕ್ಷ್ಮೀಶನ ಜೈಮಿನಿ ಭಾರತ ಎರಡೂ ವಾರ್ಧಕ ಷಟ್ಪದಿಯವು. ಅಲ್ಲಿ ಐದೈದು ಮಾತ್ರೆಯ ಗಣ, ಗಿಡ್ಡ ಸಾಲೇ 20 ಮಾತ್ರೆ, ಉದ್ದದ್ದು 32. ವರ್ಣನೆಗೆ, ವಾದಕ್ಕೆ, ಅಳುವಿಗೆ ಅಷ್ಟು ಅಂಗಳ ಬೇಕು. ಜಗಳಕ್ಕೂ ಓಟಕ್ಕೂ ನನ್ನ ಓಟು ಭಾಮಿನಿಗೆ. ಏಳು ಮಾತ್ರೆಯ ಆ ಕುಂಟು ನಡೆಯೇ ಮುಂದಕ್ಕೆ ತಳ್ಳುತ್ತದೆ. ರತ್ನಾಕರವರ್ಣಿ ಭರತೇಶ ವೈಭವಕ್ಕೆ ಹಾಡಿನ ಸಾಂಗತ್ಯವನ್ನೇ ಆರಿಸಿಕೊಂಡ, ಅದು ಬೇರೆಯದೇ ಮಾತು.

ಈ ಕಾವ್ಯಗಳನ್ನು ರಾಗವಾಗಿ ಓದುವ ಗಮಕದಲ್ಲಿ ತಾಳವಿಲ್ಲ. ಗಮಕಿ ರಸಕ್ಕೆ ತಕ್ಕ ರಾಗ ಹಿಡಿದು, ಉದ್ದ ಸಾಲನ್ನು ಬೇಕಾದಲ್ಲಿ ಒಡೆದು, ಮತ್ತೆ ಹಿಂದಿರುಗಿ ಓದುತ್ತಾರೆ. ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅದನ್ನು ಬಿಡಿಸುತ್ತಾರೆ. ಮುದ್ರಿತ ಪುಟದಲ್ಲಿ ಮೌನವಾಗಿ ಓದುವವರಿಗೆ ಆ ಜಾಗಗಳು ಕಾಣುವುದೇ ಇಲ್ಲ.

ನಮ್ಮ ತಾಯಿ ಇನ್ನೂ ನೀರಿನಲ್ಲೇ ಇದ್ದಾಳೆ. ಉಳಿದ ಮೂರು ಸಾಲಿಗೂ ಎರಡನೆಯ ಅಕ್ಷರ ಳಕಾರವೇ ಆಗಬೇಕು, ಅದರ ಹಿಂದಿನದು ಲಘುವಾಗಿರಬೇಕು. ನೆನಪಿಗೆ ಬಂದ ಪದಗಳನ್ನು ಗೀಚಿಕೊಂಡೆ: ಬಳಿಕ, ಸೆಳೆವ, ಅಳುವ, ಸುಳಿಯ. ಸುಳಿಯ ಯೋಚನೆ ನನಗಿರಲೇ ಇಲ್ಲ, ಪ್ರಾಸ ತಂದಿತು. ಈಗ ಹೊಳೆಯಲ್ಲಿ ಸುಳಿಯಿದೆ.